ಉಪ್ಪಿನ ಬೊಂಬೆಯೂ ಓಣಿಯ ತಿರುವೂ

ಈ ವಾರವೆಲ್ಲ ನನ್ನ ಕುತ್ತಿಗೆ ಹಿಡಿದುಕೊಂಡಿದೆ. ಇದು ಲೋಕಕ್ಕೆ ಸಾರಿ ಹೇಳಬೇಕಾದ ಸಂಗತಿಯಲ್ಲವೆಂಬುದು ನನಗೂ ಗೊತ್ತು. ಆದರೆ ಕುತ್ತಿಗೆ ಹಿಡಿದವನಿಗೆ ಅದರ ಹೊರತು ಬೇರೆ ಲೋಕವೇ ಇರುವುದಿಲ್ಲ. ಎಡಗಡೆಯಿಂದ ಕರೆದವರಿಗೆ ನಾನು ಅಹಂಕಾರಿಯಾಗಿಯೂ ಬಲಗಡೆಯಿಂದ ಕರೆದವರಿಗೆ ಕಿವುಡನಾಗಿಯೂ ಕಾಣುತ್ತಿದ್ದೇನೆ. ನೇರ ಎದುರಿಗೆ ಬಂದವರಿಗೆ ಮಾತ್ರ, ಹುಟ್ಟಿದಂದಿನಿಂದ ಇಲ್ಲದ ಒಂದು ಗಾಂಭೀರ್ಯ ನನ್ನಲ್ಲಿ ಗೋಚರಿಸುತ್ತಿರಬೇಕು. ಶಾಲೆಯ ಹುಡುಗರಿಗಂತೂ ಹಬ್ಬ. ಕರಿಹಲಗೆಗೆ ಮುಖ ಮಾಡಿದ ಮಾಸ್ತರನು ಥಟ್ಟನೆ ತಿರುಗಲಾರನೆಂಬ ಸತ್ಯ ಅವರಿಗೆ ಮೊದಲ ತಾಸಿನಲ್ಲೇ ಹೊಳೆಯಿತು. ವ್ಯಾಕರಣವೊಂದನ್ನು ಬಿಟ್ಟು ಮಿಕ್ಕೆಲ್ಲ ವಿದ್ಯೆಗಳೂ ನನ್ನ ಬೆನ್ನ ಹಿಂದೆ ಸಾಂಗವಾಗಿ ನಡೆಯುತ್ತಿವೆ. ಗದರಿಸುವ ಉತ್ಸಾಹವೂ ನನ್ನಲ್ಲಿ ಉಳಿದಿಲ್ಲ. ದಣಿದಿದ್ದೇನೆ.

ಸಂಜೆಗೊಮ್ಮೆ ಅಕ್ಕ ಬಾಣಲೆಯಲ್ಲಿ ಹರಳುಪ್ಪನ್ನು ಹುರಿದು, ಅರಿವೆಯ ಗಂಟು ಕಟ್ಟಿ, ಕುತ್ತಿಗೆಗೆ ಕಾವು ಕೊಡುತ್ತಾಳೆ. ಮೊದಲ ದಿನ ಕಾವಿನ ಜೊತೆ ಬೈಗಳನ್ನೂ ಕೊಟ್ಟಳು.

“ಮುಂಜಾನೆ ಯಾಕೋ ಹಂಗ ಹೊಂಟಿ? ಮಣ್ಣು ಕೊಟ್ಟು ಬರಾವ್ರ ಹಂಗ, ತಿರುಗಿ ಸೈತ ನೋಡಲಿಲ್ಲ?”

“ಕುತ್ತಿಗಿ ತಿರಗವಲ್ದವಾ,” ಎಂದೆ.

“ಕುತ್ತಿಗಿ ತಿರಗಲಿಲ್ಲಂದ್ರ ಮೈ ತಿರಗತೈತಿಲ್ಲ?” ಎಂದು ಗಂಟನ್ನು ಇನ್ನಷ್ಟು ಒತ್ತಿದಳು.

ಓದುಗ ಮಿತ್ರರೇ, ನೀವು ಶಿಗ್ಗಾವಿಯ ಕಡೆಯವರಲ್ಲದಿದ್ದರೆ ಈ ಜಗಳ ನಿಮಗೆ ಅರ್ಥವಾಗಲಿಕ್ಕಿಲ್ಲ. ನಮ್ಮಲ್ಲಿ ಮನೆಯಿಂದ ಹೊರಟವನು, ಹೊಲಕ್ಕೇ ಹೋಗಲಿ, ಹಾನಗಲ್ಲಿನ ಸಂತೆಗೇ ಹೋಗಲಿ, ಓಣಿಯ ತಿರುವಿನಲ್ಲಿ ಕ್ಷಣ ನಿಂತು ಹಿಂದಿರುಗಿ ನೋಡಬೇಕು. ಮನೆಯಲ್ಲುಳಿದವರು ಅಲ್ಲಿಯತನಕ ಬಾಗಿಲಲ್ಲಿ ನಿಂತಿರಬೇಕು. ಮಾತಿಲ್ಲ, ಕಣ್ಣೀರಿಲ್ಲ, ಬರಿಯ ಒಂದು ನೋಟ. ಅದಾದ ಮೇಲೆಯೇ ಇವನು ಅತ್ತ, ಅವರು ಇತ್ತ. ತಿರುಗಿ ನೋಡದೆ ಬರುವುದು ಒಂದೇ ಜಾಗದಿಂದ, ಸತ್ತವರಿಗೆ ಮಣ್ಣು ಕೊಟ್ಟು ರುದ್ರಭೂಮಿಯಿಂದ. ಅಲ್ಲಿ ಮಾತ್ರ ಸಂಬಂಧ ತೀರಿತೆಂದು ಲೆಕ್ಕ. ಈ ಶಾಸ್ತ್ರವನ್ನು ಯಾವ ಗುರುವೂ ನಮಗೆ ಬೋಧಿಸಿಲ್ಲ, ಕುತ್ತಿಗೆಯೇ ಕಲಿತುಕೊಂಡಿದೆ. ಇಂಥ ಕುತ್ತಿಗೆಗಳ ಊರಿಗೆ, ಈಗ ನಡೆದಿರುವ ಮಹಾಯುದ್ಧಕ್ಕೆ ಒಂದೆರಡು ಸುಗ್ಗಿ ಮುಂಚೆ, ತಿರುಗಿ ನೋಡಬಾರದೆಂಬ ಕತೆಯನ್ನು ಹಿಡಿದುಕೊಂಡು ಮುಂಬಯಿಯ ಸಿನೆಮಾ ಕಂಪನಿಯೊಂದು ಬಂದಿತು.

ಬೈಬಲಿನಲ್ಲಿ ಆ ಕತೆ ಬಹಳ ಚಿಕ್ಕದು. ಪಾಪ ತುಂಬಿದ ಪಟ್ಟಣವೊಂದನ್ನು ಬೆಂಕಿಯ ಮಳೆ ಸುರಿಸಿ ಸುಟ್ಟುಬಿಡಲು ದೇವರು ನಿಶ್ಚಯಿಸುತ್ತಾನೆ. ಸಜ್ಜನನಾದ ಒಬ್ಬ ಗೃಹಸ್ಥನಿಗೆ ಮಾತ್ರ, ಹೆಂಡತಿಯನ್ನೂ ಇಬ್ಬರು ಹೆಣ್ಣುಮಕ್ಕಳನ್ನೂ ಕರೆದುಕೊಂಡು ಓಡು, ಹಿಂದಿರುಗಿ ನೋಡಬೇಡ ಎಂದು ಅಪ್ಪಣೆಯಾಗುತ್ತದೆ. ಹೆಂಡತಿ ತಿರುಗಿ ನೋಡುತ್ತಾಳೆ, ಉಪ್ಪಿನ ಕಂಬವಾಗುತ್ತಾಳೆ. ಅಷ್ಟೇ. ಆಕೆಯ ಹೆಸರು ಹೇಳುವಷ್ಟು ಪುರುಸೊತ್ತು ಕೂಡ ಆ ಗ್ರಂಥಕ್ಕಿಲ್ಲ. ಆದರೆ ಕಂಪನಿಗೆ ಬಂಡವಾಳ ಹಾಕಿದ ಹತ್ತಿಯ ಶೇಠಜಿಗೆ ಇಷ್ಟು ಸಾಲದಾಯಿತು. ಅಷ್ಟು ದೊಡ್ಡ ಪರದೆಯ ಮೇಲೆ ನಾಲ್ಕೇ ಜನ ಓಡಿದರೆ ಪ್ರೇಕ್ಷಕರು ಏನೆಂದುಕೊಂಡಾರು? ಯಲವಿಗಿಯ ಸ್ಟೇಷನ್ನಿಗೆ ರೈಲು ಹಿಡಿಯಲು ಹೊರಟ ಸಂಸಾರವೆಂದುಕೊಂಡಾರು. ಆದ್ದರಿಂದ ನೂರಾರು ಸಜ್ಜನರು ಓಡಬೇಕೆಂದು ತೀರ್ಮಾನವಾಯಿತು. ಇಷ್ಟೊಂದು ಸಜ್ಜನರಿರುವ ಊರನ್ನು ದೇವರು ಸುಡುವುದಾದರೂ ಯಾಕೆ ಎಂದು ನಾನು ನಿರ್ದೇಶಕರನ್ನು ವಿನಯದಿಂದಲೇ ಕೇಳಿದ್ದೆ. ಅವರು ಟೊಪ್ಪಿಗೆಯನ್ನು ಮುಖದ ಮೇಲೆ ಎಳೆದುಕೊಂಡು ಆರಾಮಕುರ್ಚಿಯಲ್ಲಿ ಮಲಗಿಬಿಟ್ಟರು. ಆ ಮನುಷ್ಯ ನನಗಿಂತಲೂ ದಣಿದಿದ್ದರು. ಕತೆಯನ್ನು ದೊಡ್ಡದು ಮಾಡುವುದು ರೊಟ್ಟಿ ಬಡಿದ ಹಾಗೆ, ಅಗಲವಾದಷ್ಟೂ ತೆಳ್ಳಗಾಗುತ್ತದೆ. ಇದು ಅವರಿಗೂ ಗೊತ್ತಿತ್ತೆಂದು ನನ್ನ ಊಹೆ.

ನವಾಬರ ಸವಣೂರಿನಲ್ಲಿ ಓದಿದ್ದರಿಂದ ನನಗೆ ಉರ್ದು ಬರುತ್ತಿತ್ತು; ಆದಕಾರಣ ಕಂಪನಿಯ ದುಭಾಷಿಯ ಪಟ್ಟ ನನಗೆ ಬಂದಿತು. ದುಭಾಷಿಯೆಂದರೆ ಎರಡೂ ಕಡೆಯ ಬೈಗಳನ್ನು ಒಬ್ಬನೇ ತಿನ್ನುವವನು. ನಮ್ಮ ಹೊಲದ ಆಚೆಗಿನ ಬೋಳುಗುಡ್ಡದ ಮೇಲೆ ಹಾನಗಲ್ಲಿನ ಬಡಿಗರು ಬಿದಿರು, ಗೋಣಿತಟ್ಟು, ಸುಣ್ಣಗಳಿಂದ ಪಾಪದ ಪಟ್ಟಣವನ್ನು ಎಬ್ಬಿಸಿದರು. ಸವಣೂರಿನಿಂದ ಹಳೆಯ ಮಖಮಲ್ಲಿನ ಪರದೆಗಳು ಬಂದವು. ಅವುಗಳ ಜೊತೆಗೆ ವೀಳ್ಯದೆಲೆಯ ಪೆಂಡಿಗಳೂ ಬಂದವು. ಪಾಪಿಗಳೂ ಪುಣ್ಯವಂತರೂ ಭೇದವಿಲ್ಲದೆ ತಾಂಬೂಲ ಜಗಿದು ಪುರಾತನ ಪಟ್ಟಣದ ಗೋಡೆಗಳನ್ನು ಕೆಂಪು ಮಾಡಿದರು. ಅವನ್ನು ಸುಣ್ಣ ಬಳಿದು ಮುಚ್ಚುವುದಕ್ಕೆ ಬೇರೆಯೇ ಆಳುಗಳಿದ್ದರು.

ನಮ್ಮಪ್ಪ ದಿನಾ ಹೊಲದ ಬದುವಿನ ಬೇವಿನ ಗಿಡದ ಕೆಳಗೆ ಕೋಲು ಹಿಡಿದು ಕೂತಿರುತ್ತಿದ್ದ. ಸಿನೆಮಾ ನೋಡುವ ಚಪಲದಿಂದಲ್ಲ. ದೇವರ ಕೋಪಕ್ಕೆ ಹೆದರಿ ಓಡುವವರು ತನ್ನ ಕುಸುಬಿಯನ್ನು ತುಳಿಯಬಾರದೆಂದು.

ಅಪ್ಪನಿಗೆ ಆ ವರ್ಷ ಕುಸುಬಿಗಿಂತ ದೊಡ್ಡ ಚಿಂತೆಯಿತ್ತು. ಅಕ್ಕ, ಅಂದರೆ ಈಗ ನನ್ನ ಕುತ್ತಿಗೆಗೆ ಕಾವು ಕೊಡುತ್ತಿರುವ ನೀಲವ್ವ, ಗಂಡನ ಮನೆಯಾದ ಹಿರೇಕೆರೂರ ಕಡೆಯ ಚಿಕ್ಕೇರೂರನ್ನು ಬಿಟ್ಟು ಬಂದು ವರ್ಷವಾಗುತ್ತ ಬಂದಿತ್ತು. ಯಾಕೆ ಬಂದೆಯೆಂದರೆ, “ಅಲ್ಲೀ ಅನ್ನದ ಋಣ ತೀರೇತಿ,” ಎಂಬ ಒಂದೇ ಮಾತು. ಗಂಡ ಕೈ ಮಾಡುತ್ತಿದ್ದನೆಂದು ಅವ್ವನಿಗೆ ಗೊತ್ತಿತ್ತು, ಅಪ್ಪನಿಗೂ ಗೊತ್ತಿತ್ತು. ಆದರೆ ಅದನ್ನು ಆಡಿ ತೋರಿಸುವ ರೂಢಿ ನಮ್ಮ ಮನೆಯಲ್ಲಿರಲಿಲ್ಲ. ಚಿಕ್ಕೇರೂರಿನವರು ಹೇಳಿ ಕಳಿಸಿದ್ದೇ ಬೇರೆ. ಹುಡುಗಿ ಹೊರಟಾಗ ಅತ್ತೆ ಬಾಗಿಲಲ್ಲಿ ನಿಂತು ಕಣ್ಣೀರು ಹಾಕಿ ಕರೆದಳಂತೆ, ಇವಳು ತಿರುಗಿ ಸಹ ನೋಡದೆ ಹೋದಳಂತೆ. ಹೊಡೆತದ ಮಾತಿಗೆ ಸುಮ್ಮನಿದ್ದ ಅಪ್ಪ ಈ ಮಾತಿಗೆ ಕುಗ್ಗಿಹೋದ. ತಿರುಗಿ ನೋಡದೆ ಬರಲು ಅದೇನು ರುದ್ರಭೂಮಿಯೇ? ಮೇಲಾಗಿ, ಬಂದಂದಿನಿಂದ ಅಕ್ಕ ನಮ್ಮ ಓಣಿಯ ತಿರುವಿನಲ್ಲೂ ತಿರುಗುತ್ತಿರಲಿಲ್ಲ. ಹೊಲಕ್ಕೆ ಹೋದರೆ ಹೋದಳು, ಕೆರೆಗೆ ಹೋದರೆ ಹೋದಳು. ಅವ್ವ ಬಾಗಿಲಲ್ಲಿ ನಿಂತು ನಿಂತು, ಸೆರಗಿನಿಂದ ಮೂಗೊರೆಸಿಕೊಂಡು ಒಳಗೆ ಬರುತ್ತಿದ್ದಳು. ಅವರು ಹೇಳಿದ್ದು ಖರೆ ಎಂಬುದಕ್ಕೆ ಅಪ್ಪನಿಗೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿರಲಿಲ್ಲ. ಯುಗಾದಿ ಮುಗಿಯುತ್ತಲೇ ಗಾಡಿ ಕಳಿಸಿರಿ, ಮಗಳನ್ನು ಕಳಿಸುತ್ತೇನೆ ಎಂದು ಹಿರಿಯರ ಮುಂದೆ ಒಪ್ಪಿಕೊಂಡುಬಿಟ್ಟಿದ್ದ. ಒಳಗೆ ಅಕ್ಕನ ರೊಟ್ಟಿ ಬಡಿಯುವ ಸಪ್ಪಳ ಸ್ವಲ್ಪ ಜೋರಾಯಿತು.

ಇತ್ತ ಗುಡ್ಡದ ಮೇಲೆ ಉಪ್ಪಿನ ಹೆಂಗಸು ತಯಾರಾದಳು. ನಾಯಕಿಯ ಅಳತೆ ತೆಗೆದು ಗಚ್ಚಿನ ಬೊಂಬೆಯೊಂದನ್ನು ಮಾಡಿ, ಬಿಸಿಲಿಗೆ ಮಿರುಗಲೆಂದು ಮೈತುಂಬ ನಿಜವಾದ ಹರಳುಪ್ಪನ್ನೇ ಮೆತ್ತಿದ್ದರು. ಉಪ್ಪಿಗಾಗಿ ದೇಶವೇ ಎದ್ದು ನಡೆದ ಕಾಲ ಆಗಿನ್ನೂ ಹಳತಾಗಿರಲಿಲ್ಲ. ಒಂದು ಬೊಂಬೆಗೆ ಚೀಲಗಟ್ಟಲೆ ಉಪ್ಪು ಸುರಿದದ್ದನ್ನು ನೋಡಿ ಊರ ಹಿರಿಯರು ನಾಲಗೆ ಲೊಚಗುಟ್ಟಿದರು. ಮರುದಿನ ಬೆಳಿಗ್ಗೆ ನೋಡಿದರೆ, ಮುಂದಕ್ಕೆ ಚಾಚಿದ ಆ ಶೋಕಮಯ ಬಲಗೈ ಮೊಣಕೈಯವರೆಗೆ ಮಾಯವಾಗಿತ್ತು. ಊರ ದನಗಳು ನೆಕ್ಕಿ, ಒಳಗಿನ ಗಚ್ಚನ್ನು ಒದ್ದೆ ಮಾಡಿ ಉದುರಿಸಿದ್ದವು. ನಮ್ಮ ಎಮ್ಮೆ ಇನ್ನೂ ಭುಜದ ಹತ್ತಿರ ನಿಂತು ಏಕಾಗ್ರಚಿತ್ತದಿಂದ ತನ್ನ ಕಾರ್ಯದಲ್ಲಿ ಮಗ್ನವಾಗಿತ್ತು. ನಿರ್ದೇಶಕರು ಕೂಗಾಡುವರೆಂದು ನಾನು ಉರ್ದುವಿನ ಬೈಗಳಿಗೆ ಕನ್ನಡದ ಸಭ್ಯ ಪರ್ಯಾಯಗಳನ್ನು ಹುಡುಕುತ್ತ ನಿಂತೆ. ಅವರು ಕೂಗಾಡಲಿಲ್ಲ. ಬೊಂಬೆಯ ಕೈಗೆ ಸೆರಗು ಹೊದಿಸಿರೆಂದು ಮೆಲ್ಲಗೆ ಹೇಳಿ ಚಹಾ ತರಿಸಿಕೊಂಡರು.

ಸಜ್ಜನರ ಓಟದ ದಿನ ಬಂತು. ಕ್ಯಾಮರಾ ಹಿಂದಿನಿಂದ ನೋಡುತ್ತದೆ, ಕಾಣುವುದು ಬರಿ ಬೆನ್ನು ಎಂದು ನಾನು ಓಣಿ ಓಣಿ ಸಾರಿದ್ದರಿಂದ ಮರ್ಯಾದಸ್ಥರ ಮನೆಯ ಹೆಂಗಸರೂ ಬಂದಿದ್ದರು. ಎಲ್ಲರ ಮೈಮೇಲೆ ಕರಿಕಂಬಳಿ, ತಲೆಯ ಮೇಲೆ ಗಂಟು. ಅಪ್ಪನಿಗೂ ನನಗೂ ಬುತ್ತಿ ತಂದಿದ್ದ ಅಕ್ಕನನ್ನೂ ಗೆಳತಿಯರು ಜಗ್ಗಿ ಗುಂಪಿಗೆ ಸೇರಿಸಿಕೊಂಡರು. ಅಪ್ಪ ಬೇವಿನ ಬುಡದಿಂದ, “ಬೆನ್ನಷ್ಟ ಕಾಣ್ತೈತಿ ಅಂದ್ರ ಹೋಗಲಿ,” ಎಂದ.

ಜನ ಪಟ್ಟಣದ ಬಾಗಿಲಿನಿಂದ ಹೊರಟರು. ಹಿಂದೆ ಹೊಗೆಯೆದ್ದಿತು. ಗುಡ್ಡದ ಇಳಿಜಾರಿನ ತಿರುವಿಗೆ ಬಂದದ್ದೇ ತಡ, ಪುಣ್ಯವಂತರೆಲ್ಲರೂ ಒಬ್ಬರ ಹಿಂದೊಬ್ಬರು ನಿಂತು, ಕತ್ತು ಹೊರಳಿಸಿ, ಸುಡುತ್ತಿರುವ ಊರನ್ನು ನೋಡಿದರು. ಬೆನ್ನಷ್ಟೇ ಕಾಣಬೇಕಾದಲ್ಲಿ ಇಡೀ ಶಿಗ್ಗಾವಿಯ ಮುಖ ಕಂಡಿತು. ಮತ್ತೆ ನಡೆಸಿದರು, ಮತ್ತೆ ತಿರುಗಿದರು. ಎಲ್ಲರೂ ತಿರುಗಿದರೆ ಎಲ್ಲರನ್ನೂ ಉಪ್ಪು ಮಾಡಬೇಕಾಗುತ್ತದೆ, ಅಷ್ಟು ಉಪ್ಪಿಗೆ ನಾನು ಸಮುದ್ರಕ್ಕೆ ಹೋಗಬೇಕಾಗುತ್ತದೆ ಎಂದು ನಿರ್ದೇಶಕರು ಹಣೆ ಒತ್ತಿಕೊಂಡರು. ನಾನು ಅದನ್ನು ಜನರಿಗೆ ತಿಳಿಸಲು ಹೋದೆ. ಮುಂದಿದ್ದವಳು ನಮ್ಮೋಣಿಯ ಮುದುಕಿ ಯಲ್ಲವ್ವ.

“ಮನಿ ಬಿಟ್ಟು ಹೊಂಟಾವ್ರು ತಿರುಗಿ ನೋಡಲಿಲ್ಲಂದ್ರ ಹ್ಯಾಂಗ್ರಿ ಮಾಸ್ತರ? ನಾವೇನು ಮಣ್ಣು ಕೊಟ್ಟು ಬರಾಕತ್ತೇವೇನು?”

“ಊರಿಗೆ ಊರ ಸುಡಾಕತ್ತೇತಿ ಯಲ್ಲಜ್ಜಿ. ನೋಡಬಾರದು ಅಂತ ದೇವರ ಹುಕುಂ ಐತಿ.”

“ಊರು ಸುಡಾಕತ್ತಿದ್ರ ಮತ್ತಷ್ಟು ನೋಡಬೇಕ್ರಿ. ದನಾ ಬಿಚ್ಚ್ಯಾರೋ ಇಲ್ಲೋ ಯಾಂವ ನೋಡಾಂವ?”

“ತಿರುಗಿ ನೋಡಿದ್ರ ಉಪ್ಪಾಗ್ತೀರಿ.”

“ಆದ್ರ ಆಗವಲ್ದ್ಯಾಕ. ದನಕ್ಕರ ಆಗ್ತೇವಿ.”

ಇದಕ್ಕೆ ಉರ್ದುವಿನಲ್ಲಿ ಏನೆನ್ನಬೇಕೆಂದು ನನಗೆ ಇಂದಿಗೂ ತಿಳಿಯದು. ಅಂದು ಮಧ್ಯಾಹ್ನದವರೆಗೂ ಜನ ನಡೆದರು, ತಿರುಗಿದರು, ಬೈಸಿಕೊಂಡರು, ಬುತ್ತಿ ಬಿಚ್ಚಿ ಉಂಡರು, ಮತ್ತೆ ನಡೆದರು. ತಿರುಗುವುದಿಲ್ಲವೆಂದು ಆಣೆ ಮಾಡಿದವರ ಕುತ್ತಿಗೆ ಕೂಡ ತಿರುವಿಗೆ ಬಂದಾಗ ತನ್ನಷ್ಟಕ್ಕೆ ತಾನೇ ಹೊರಳುತ್ತಿತ್ತು. ದೊಡ್ಡ ಕತೆ, ದೊಡ್ಡ ಬಂಡವಾಳ, ದೊಡ್ಡ ಪಟ್ಟಣ, ಎಲ್ಲವೂ ನಮ್ಮೂರ ಈ ಸಣ್ಣ ನೋಟದ ಮುಂದೆ ಕೈಚೆಲ್ಲಿ ಕೂತಿದ್ದವು.

ಆಗ ನಿರ್ದೇಶಕರು ಕುರ್ಚಿಯಿಂದ ಎದ್ದು ನಿಂತರು. ಗುಂಪಿನ ನಡುವೆ ಒಬ್ಬಳು ಬೆಳಗಿನಿಂದ ಒಮ್ಮೆಯೂ ತಿರುಗಿಲ್ಲ, ಅವಳನ್ನು ಕರೆಯಿರಿ ಎಂದರು. ಹೋಗಿ ನೋಡಿದರೆ ನಮ್ಮಕ್ಕ. ಗಂಟು ಹೊತ್ತು, ದೃಷ್ಟಿಯನ್ನು ಎದುರಿನ ದಾರಿಯಲ್ಲಿಟ್ಟು, ಅವಸರವೂ ಇಲ್ಲದೆ ಆಲಸ್ಯವೂ ಇಲ್ಲದೆ ನಡೆಯುತ್ತಿದ್ದಳು. ನಿರ್ದೇಶಕರು ಅವಳನ್ನು ಎಲ್ಲರಿಗಿಂತ ಮುಂದೆ ನಿಲ್ಲಿಸಿ, ಉಳಿದವರೆಲ್ಲ ಇವಳ ಬೆನ್ನನ್ನೇ ನೋಡಿ ನಡೆಯಲಿ ಎಂದರು. ನಡೆದರು. ಯಲ್ಲಜ್ಜಿಯೂ ತಿರುಗಲಿಲ್ಲ. ನೋಡಲಿಕ್ಕೆ ಎದುರಿಗೇ ಒಂದು ಸಿಕ್ಕಿತಲ್ಲ, ಅದಕ್ಕೆ.

ಚಿತ್ರ ತೆಗೆದಾದ ಮೇಲೆ ನಿರ್ದೇಶಕರು ಬಹಳ ದಿನಗಳಲ್ಲಿ ಮೊದಲ ಸಲ ನಕ್ಕರು. ಈ ನಡಿಗೆಯನ್ನು ಇವಳಿಗೆ ಕಲಿಸಿದವರು ಯಾರೆಂದು ಕೇಳು ಎಂದು ನನಗೆ ಹೇಳಿದರು. ಅಕ್ಕ ಅಷ್ಟೊತ್ತಿಗೆ ಬೇವಿನ ಕೆಳಗೆ ಅಪ್ಪನ ಬುತ್ತಿಯ ಅರಿವೆ ಮಡಚುತ್ತಿದ್ದಳು. ನಾನು ಕೇಳಿದೆ.

“ಯಾರು ಕಲಸ್ತಾರ? ಚಿಕ್ಕೇರೂರಿಂದ ಹಿಂಗ ನಡದು ಬಂದೇನಿ,” ಎಂದಳು. ಅರಿವೆಯನ್ನು ಮಡಚಿ ಮುಗಿಸಿ, ಗುಡ್ಡದ ಮೇಲಿನ ಬೊಂಬೆಯನ್ನು ನೋಡುತ್ತ ಹೇಳಿದಳು: “ಆ ಉಪ್ಪಾದಾಕಿಗೆ ಒಂದು ಊರರ ಇತ್ತು, ಸುಡೂದಾದ್ರೂ. ನಾ ಅಂಗಳಾ ದಾಟೂದ್ರಾಗ ಹಿಂದ ಬಾಗಲಾ ಹಾಕಿ ಅಗಳಿ ಜಡದ್ರು. ಮುಚ್ಚಿದ ಬಾಗಲಾ ತಿರುಗಿ ಏನ್ ನೋಡ್ಲಿ?”

ಅಪ್ಪನ ಕೈಯಲ್ಲಿ ನೀರಿನ ತಂಬಿಗೆಯಿತ್ತು. ಕುಡಿಯದೆ ಕೆಳಗಿಟ್ಟ. ನಿರ್ದೇಶಕರು ಉತ್ತರಕ್ಕಾಗಿ ಕಾಯುತ್ತಿದ್ದರು. ಅವರಿಗೆ, ಅಭ್ಯಾಸವಿದೆಯಂತೆ ಎಂದಷ್ಟೇ ಹೇಳಿದೆ. ದುಭಾಷಿಯ ಕೆಲಸದಲ್ಲಿ ಕೆಲವನ್ನು ತನ್ನಲ್ಲೇ ಇಟ್ಟುಕೊಳ್ಳುವುದೂ ಸೇರಿದೆಯೆಂದು ಅಂದು ತಿಳಿಯಿತು.

ಯುಗಾದಿ ಮುಗಿಯಿತು, ಒಪ್ಪಿದಂತೆ ಚಿಕ್ಕೇರೂರಿನ ಸವಾರಿಗಾಡಿ ನಮ್ಮ ಬಾಗಿಲಿಗೆ ಬಂತು. ಇಬ್ಬರು ಹಿರಿಯರು ಕೈಕಾಲು ತೊಳೆದು ಕಟ್ಟೆಯ ಮೇಲೆ ಕೂತರು. ಅವ್ವ ಒಳಗೆ ಅಕ್ಕನ ಸೀರೆಗಳನ್ನು ಗಂಟು ಕಟ್ಟಿಟ್ಟು, ಆ ಗಂಟಿನ ಮುಂದೆಯೇ ಕೂತಿದ್ದಳು. ಅಕ್ಕ ಒಲೆಯ ಮುಂದಿದ್ದಳು. ಹಿರಿಯರು ಹವೆ, ಮಳೆ, ಹತ್ತಿಯ ಧಾರಣಿಗಳ ಮಾತು ಮುಗಿಸಿ, “ಹಂಗಾರ ಕಳಸ್ರಿ,” ಎಂದರು.

ಅಪ್ಪ ಒಂದೇ ಮಾತು ಕೇಳಿದ. “ನಮ್ಮ ನೀಲವ್ವ ಅಲ್ಲಿಂದ ಹೊಂಟಾಗ ಬಾಗಲಾ ಹಾಕಿದಾವ್ರು ಯಾರ್ರಿ?”

ಹಿರಿಯರು ಒಬ್ಬರ ಮುಖವನ್ನೊಬ್ಬರು ನೋಡಿದರು. ಒಬ್ಬರು ಕೆಮ್ಮಿದರು. ಇನ್ನೊಬ್ಬರು, “ಸಿಟ್ಟಿನ ಭರದಾಗ ಏನೋ ಆಗಿರ್ತೈತಿ ಬಿಡ್ರಿ,” ಎಂದರು.

“ಆಗಿರ್ತೈತಿ,” ಎಂದ ಅಪ್ಪ. “ಏಳ್ರಿ, ಊಟಾ ಮಾಡ್ರಿ. ಉಂಡು ಹೋಗ್ರಿ. ಆಕಿ ಬರಂಗಿಲ್ಲ.”

ಒಳಗೆ ರೊಟ್ಟಿ ಬಡಿಯುವ ಸಪ್ಪಳ ನಿಂತುಹೋಯಿತು. ಸ್ವಲ್ಪ ಹೊತ್ತಿನ ಮೇಲೆ ಮತ್ತೆ ಶುರುವಾಯಿತು. ಹಿರಿಯರು ಸಿಟ್ಟಾದರೂ ಉಂಡರು, ಎಲೆಯಡಿಕೆ ಬೇಡವೆಂದರು. ಖಾಲಿ ಗಾಡಿ ಹೊರಟಾಗ ಒಳಗೆ ಹೋಗಬಹುದಾಗಿದ್ದ ಅಪ್ಪ ಹೋಗಲಿಲ್ಲ. ಎಂದಿನಂತೆ ಬಾಗಿಲು ತೆರೆದಿಟ್ಟು, ಅವರು ತಿರುವು ದಾಟುವತನಕ ನಿಂತಿದ್ದ. ಅವರು ತಿರುಗಿ ನೋಡಿದರೋ ಇಲ್ಲವೋ ನನಗೆ ನೆನಪಿಲ್ಲ.

ಸಿನೆಮಾ ಮುಂದಿನ ವರ್ಷ ಹುಬ್ಬಳ್ಳಿಗೆ ಬಂತು. ನಾನೂ ಅಕ್ಕನೂ ಯಲವಿಗಿಗೆ ಹೋಗಿ ರೈಲು ಹತ್ತಿ ನೋಡಿ ಬಂದೆವು. ಪಟ್ಟಣ ಬಹಳ ಹೊತ್ತು ಸುಟ್ಟಿತು. ಪಾಪಿಗಳು ಅದಕ್ಕಿಂತ ಹೆಚ್ಚು ಹೊತ್ತು ಹಾಡಿದರು. ಇಡೀ ದಿನ ಬಿಸಿಲಲ್ಲಿ ತೆಗೆದ ನಮ್ಮೂರವರ ನಡಿಗೆ ಮಾತ್ರ, ಎಂಜಲು ನುಂಗುವಷ್ಟರಲ್ಲಿ ಬಂದು ಹೋಯಿತು: ಧೂಳು, ಕಂಬಳಿಗಳು, ಎಲ್ಲಕ್ಕೂ ಮುಂದೆ ಗಂಟು ಹೊತ್ತ ಒಂದು ಬೆನ್ನು. ಅದನ್ನು ಕಾಣುವ ಅವಸರದಲ್ಲಿ ನಾನು ಎದ್ದೇ ನಿಂತಿದ್ದೆ. ಅಕ್ಕ ಮಾತ್ರ ಉಪ್ಪಿನ ಬೊಂಬೆ ಬಂದಾಗ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಗತೊಡಗಿದಳು. ಸುತ್ತಲಿನವರು ಆ ಹೆಂಗಸಿನ ಸ್ಥಿತಿಗೆ ಮರುಗುತ್ತಿರುವಾಗ ಇವಳು ನನ್ನ ಕಿವಿಯಲ್ಲಿ, “ಕೈ ಯಾಕ ಮುಚ್ಚ್ಯಾರ ಗೊತ್ತಾತಿಲ್ಲ? ನಮ್ಮ ಎಮ್ಮಿ,” ಎಂದಳು. ಶೇಠಜಿಯ ಅಷ್ಟೆಲ್ಲ ಸಂಭಾರದಲ್ಲಿ ನಮ್ಮ ಮನೆಯ ಪಾಲು ಒಂದು ಬೆನ್ನು, ಒಂದು ಎಮ್ಮೆ.

ಆ ಮಹಾಚಿತ್ರದಲ್ಲಿ ಇರಬೇಕಾಗಿದ್ದ ಒಂದು ದೃಶ್ಯವನ್ನು ಮಾತ್ರ ಯಾವ ಕ್ಯಾಮರಾವೂ ಹಿಡಿಯಲಿಲ್ಲ. ಚಿಕ್ಕೇರೂರಿನ ಗಾಡಿ ಖಾಲಿ ಹೋದ ಮರುದಿನ ಬೆಳಿಗ್ಗೆ ಅಕ್ಕ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೊರಟಳು. ಅಪ್ಪ ಬಾಗಿಲಿಗೆ ಬಂದು ನಿಂತ; ಅವ್ವ ಅವನ ಹಿಂದೆ, ನಾನು ಅವ್ವನ ಹಿಂದೆ. ಅಕ್ಕ ಓಣಿಯುದ್ದಕ್ಕೂ ಅದೇ ನಡಿಗೆಯಲ್ಲಿ ನಡೆದಳು. ತಿರುವಿಗೆ ಬಂದಾಗ ನಿಂತಳು. ಅಪ್ಪ ಚೌಕಟ್ಟು ಹಿಡಿದುಕೊಂಡ. ಅಕ್ಕ ತಲೆಯ ಮೇಲಿನ ಬುಟ್ಟಿಯನ್ನು ಒಂದು ಕೈಯಿಂದ ಒತ್ತಿ ಹಿಡಿದು, ಮೆಲ್ಲಗೆ ತಿರುಗಿ, ನಮ್ಮನ್ನು ನೋಡಿದಳು. ಆಮೇಲೆ ಹೊಲಕ್ಕೆ ಹೋದಳು. ಅಪ್ಪ ಅಲ್ಲಿಯೇ ಹೊಸ್ತಿಲ ಮೇಲೆ ಕೂತು ಅತ್ತುಬಿಟ್ಟ. ಅವನು ಅತ್ತದ್ದನ್ನು ನಾನು ಅದಕ್ಕೆ ಮುಂಚೆ ನೋಡಿರಲಿಲ್ಲ.

ಈಗ ಅಪ್ಪನಿಲ್ಲ, ಅವ್ವನಿಲ್ಲ. ಗುಡ್ಡದ ಮೇಲಿನ ಪಟ್ಟಣವನ್ನು ಗೆದ್ದಲು ತಿಂದಿತು. ಉಪ್ಪಿನ ಹೆಂಗಸನ್ನು ಒಂದೇ ಮಳೆಗಾಲ ಕರಗಿಸಿತು. ಉಳಿದಿರುವುದು ನನ್ನ ಕುತ್ತಿಗೆಯ ನೋವು, ಬಾಣಲೆಯಲ್ಲಿ ಚಟಪಟ ಎನ್ನುವ ಹರಳುಪ್ಪು, ಅಕ್ಕ. ಈ ದಿನ ಬೆಳಿಗ್ಗೆ ಶಾಲೆಗೆ ಹೊರಟವನು ತಿರುವಿನಲ್ಲಿ ನಿಂತೆ. ಕುತ್ತಿಗೆಯನ್ನು ಅದರ ಪಾಡಿಗೆ ಬಿಟ್ಟು, ಕೊಡೆ, ಚೀಲ, ಧೋತರದ ಚುಂಗುಗಳ ಸಮೇತ, ಇಕ್ಕಟ್ಟಿನಲ್ಲಿ ಗಾಡಿ ಹೊರಳಿಸಿದಂತೆ ಇಡೀ ಮೈಯನ್ನೇ ಹೊರಳಿಸಿದೆ. ಹಿಂದೆ ಬರುತ್ತಿದ್ದ ನಮ್ಮ ಶಾಲೆಯ ಪೋರರು ಮಾಸ್ತರನಿಗೆ ಸಿಕ್ಕಿಬಿದ್ದೆವೆಂದು ಗೋಡೆಗೆ ಅಂಟಿಕೊಂಡರು. ನಾನು ನೋಡಿದ್ದು ಅವರನ್ನಲ್ಲ. ಓಣಿಯ ಆ ತುದಿಯಲ್ಲಿ ಬಾಗಿಲು ತೆರೆದಿತ್ತು. ಅಕ್ಕ ನಿಂತಿದ್ದಳು.